ತ್ರಿಕೋನಗಳು ಉಳಿದವು, ಗೆರೆ ಉಳಿಯಲಿಲ್ಲ

ಕಳೆದ ದೀಪಾವಳಿಗೆ ಅಣ್ಣನ ಮಗಳು ಪುಣೆಯಿಂದ ನಮ್ಮ ಮನೆಗೆ ಬಂದಿದ್ದಳು. ಅಲ್ಲಿ ಅನಿಮೇಷನ್ ಓದುತ್ತಿದ್ದಾಳೆ. ನಾನು ಅದೇ ಕಸುಬಿನಲ್ಲಿ ಮುಂಬೈಯಲ್ಲಿ ಮೂವತ್ತು ವರ್ಷ ಕಳೆದವನು. ಹಾಗಾಗಿ ನಮ್ಮಿಬ್ಬರ ಮಾತಿಗೆ ಕೊನೆಯಿಲ್ಲ. ಹಬ್ಬಕ್ಕೆ ಮನೆ ಸ್ವಚ್ಛ ಮಾಡುತ್ತ ಅಟ್ಟದಿಂದ ಡಬ್ಬಿ ಇಳಿಸುವಾಗ ಒಂದು ಸಿ.ಡಿ. ಸಿಕ್ಕಿತು. ಮೇಲೆ ನನ್ನದೇ ಅಕ್ಷರದಲ್ಲಿ ‘ಲಕ್ಕುಂಡಿ, 1996’ ಎಂದಿತ್ತು.

ಲಕ್ಕುಂಡಿ ನಮ್ಮೂರ ಕಡೆಯದು, ಗದಗದಿಂದ ಹನ್ನೆರಡು ಕಿಲೋಮೀಟರ್ ದೂರ. ಅಲ್ಲಿನ ಕಾಶಿವಿಶ್ವೇಶ್ವರ ಗುಡಿಯನ್ನು ನೋಡಿದವರಿಗೆ ಕಲ್ಯಾಣ ಚಾಲುಕ್ಯರ ಕಾಲದ ಆ ಕಂಬಗಳು ನೆನಪಿರುತ್ತವೆ. ಬಳಪದ ಕಲ್ಲನ್ನು ಲೇತಿಗೆ ಕೊಟ್ಟು ತಿರುಗಿಸಿ ಕಡೆದಂತೆ ನುಣುಪಾದ ಉಂಗುರಗಳು, ಮಧ್ಯೆ ಗಂಟೆಯಾಕಾರದ ಉಬ್ಬು, ಅದರ ಮೇಲೆ ಚೂಪಾದ ಅಂಚು. 1996ರಲ್ಲಿ ಹಗಲು ಕೇಬಲ್ ಚಾನೆಲ್‌ಗಳಿಗೆ ಹಾರುವ ಅಕ್ಷರಗಳನ್ನು ಮಾಡುತ್ತಿದ್ದ ನಾನು, ಆಫೀಸಿನ ಯಂತ್ರ ಬಿಡುವಾದ ರಾತ್ರಿಗಳಲ್ಲಿ ಆ ಕಂಬವನ್ನು ಕಟ್ಟಿದ್ದೆ. ಯಾರೂ ಕೇಳಿರಲಿಲ್ಲ, ಯಾರೂ ದುಡ್ಡು ಕೊಡಲಿಲ್ಲ. ಊರು ಬಿಟ್ಟು ಬಂದವನಿಗೆ ಅದೊಂದು ಸಮಾಧಾನವಾಗಿತ್ತು.

ನಮ್ಮ ಮನೆಯ ಯಾವ ಲ್ಯಾಪ್‌ಟಾಪಿನಲ್ಲೂ ಸಿ.ಡಿ. ಹಾಕುವ ಜಾಗವೇ ಇಲ್ಲ. ಕೆಳಗಿನ ಝೆರಾಕ್ಸ್ ಅಂಗಡಿಯವನಿಂದ ಡ್ರೈವ್ ಕಡ ತಂದೆವು. ಸಿ.ಡಿ. ಓದಿತು. ಅವಳ ಸಾಫ್ಟ್‌ವೇರಿನಲ್ಲಿ ಫೈಲೂ ತೆರೆಯಿತು. ಪರದೆಯ ಮೇಲೆ ಕಂಬ ನಿಂತಾಗ ನನ್ನ ಗಂಟಲು ಕಟ್ಟಿತು. ಅವಳು ಮಾತ್ರ ಅದನ್ನು ಅತ್ತಿತ್ತ ತಿರುಗಿಸಿ ನೋಡಿ ಕೇಳಿದಳು: “ಕಾಕಾ, ಇದ್ರಾಗ ಬರೇ ತ್ರಿಕೋನ ಅದಾವಲ್ಲ. ಗೆರಿ ಎಲ್ಲಿ?”

ಈ ಲೇಖನ ಬರೆಯಲು ಆ ಪ್ರಶ್ನೆಯೇ ಕಾರಣ.

ಅವಳು ಕೇಳಿದ್ದೇನೆಂದು ತಿಳಿಯಲು ಆಗ ನಾವು ಕೆಲಸ ಮಾಡುತ್ತಿದ್ದ ರೀತಿಯನ್ನು ಸ್ವಲ್ಪ ಹೇಳಬೇಕು. 1990ರಲ್ಲಿ ಆಟೋಡೆಸ್ಕ್ ಕಂಪನಿ ‘3ಡಿ ಸ್ಟುಡಿಯೊ’ ಎಂಬ ಪ್ರೋಗ್ರಾಂ ಹೊರತಂದಿತು. ಗ್ಯಾರಿ ಯೋಸ್ಟ್, ಟಾಮ್ ಹಡ್ಸನ್ ಮತ್ತವರ ಸಂಗಡಿಗರು ಬರೆದದ್ದು. ಅಲ್ಲಿಯವರೆಗೆ ಮೂರು ಆಯಾಮದ ಚಿತ್ರ ಎಂದರೆ ಸಿಲಿಕಾನ್ ಗ್ರಾಫಿಕ್ಸ್‌ನಂಥ ದುಬಾರಿ ಯಂತ್ರಗಳ ಮಾತು. ಮನೆಯ ಕಂಪ್ಯೂಟರಿನಲ್ಲಿ ಅದು ಇರಲೇ ಇಲ್ಲವೆಂದಲ್ಲ. ಇದೇ ಹಡ್ಸನ್ 1986ರಲ್ಲೇ ಅಟಾರಿ ಎಸ್‌ಟಿ ಯಂತ್ರಕ್ಕೆ ‘ಕ್ಯಾಡ್-3ಡಿ’ ಬರೆದಿದ್ದರು. ಅಮಿಗಾ ಯಂತ್ರಕ್ಕೆ ಎರಿಕ್ ಗ್ರಹಾಂ ಬರೆದ ‘ಸ್ಕಲ್ಪ್ಟ್ 3ಡಿ’ 1987ರಲ್ಲಿ ಬಂದಿತ್ತು. ಆದರೆ ಮುಂಬೈಯ ಸಣ್ಣ ಸ್ಟುಡಿಯೊಗಳಿಗೆ ಕೈಗೆಟಕುವಂತೆ ಇದ್ದದ್ದು ಡಾಸ್ ಓಡುವ ಪೀಸಿ. ನಾನು ಕಲಿತದ್ದು 16 ಎಂಬಿ ಮೆಮರಿಯ ಒಂದು 486ರ ಮೇಲೆ.

3ಡಿ ಸ್ಟುಡಿಯೊದಲ್ಲಿ ಐದು ಕೋಣೆಗಳಿದ್ದವು ಎನ್ನಬಹುದು. ಕೀಬೋರ್ಡಿನ ಎಫ್1 ಒತ್ತಿದರೆ ಗೆರೆ ಎಳೆಯುವ ಶೇಪರ್. ಎಫ್2 ಒತ್ತಿದರೆ ಆ ಗೆರೆಯನ್ನು ದಾರಿಯೊಂದರ ಮೇಲೆ ಎಳೆದು ಅಥವಾ ಅಕ್ಷದ ಸುತ್ತ ತಿರುಗಿಸಿ ಘನಾಕಾರ ಮಾಡುವ ಲಾಫ್ಟರ್. ಎಫ್3 ವಸ್ತುಗಳನ್ನು, ದೀಪಗಳನ್ನು, ಕ್ಯಾಮೆರಾವನ್ನು ಜೋಡಿಸುವ ಎಡಿಟರ್. ಎಫ್4 ಚಲನೆ ಕೊಡುವ ಕೀಫ್ರೇಮರ್. ಎಫ್5 ಬಣ್ಣ, ಹೊಳಪು, ಒರಟುತನಗಳನ್ನು ಹದಗೊಳಿಸುವ ಜಾಗ. ಅಪಾಯದ ಕೆಲಸಕ್ಕೆ ಕೈ ಹಾಕುವ ಮುನ್ನ ‘ಹೋಲ್ಡ್’ ಒತ್ತಬೇಕು. ಕೆಟ್ಟರೆ ‘ಫೆಚ್’ ಒತ್ತಿ ಹಿಂದಕ್ಕೆ ಬರಬೇಕು. ಹೋಲ್ಡ್ ಒತ್ತಲು ಮರೆತ ದಿನ ಮನೆಗೆ ಹೋಗುವಾಗ ಕೊನೆಯ ಲೋಕಲ್ ತಪ್ಪಿರುತ್ತಿತ್ತು.

ಕಂಬ ಮಾಡುವ ಕ್ರಮ ಹೀಗೆ. ಶೇಪರಿನಲ್ಲಿ ಕಂಬದ ಅರ್ಧ ಅಂಚನ್ನು ಒಂದೇ ಗೆರೆಯಾಗಿ ಬರೆಯುವುದು. ಲಾಫ್ಟರಿನಲ್ಲಿ ಆ ಗೆರೆಯನ್ನು ಒಂದು ಸುತ್ತು ತಿರುಗಿಸುವುದು. ಲಕ್ಕುಂಡಿಯ ಕಂಬಗಳನ್ನು ಕಂಡವರಿಗೆ ಇದರ ಹಿಂದಿನ ತಿಳಿವಳಿಕೆ ಹೊಸದಲ್ಲ: ತಿರುಗುವ ವಸ್ತುವಿಗೆ ಅಂಚೊಂದು ಗೊತ್ತಾದರೆ ಆಕಾರವೆಲ್ಲ ಗೊತ್ತಾದಂತೆ. ನನ್ನ ಗೆರೆಯಲ್ಲಿ 41 ಬಿಂದುಗಳಿದ್ದವು. ಸುತ್ತಳತೆಯನ್ನು 24 ಪಾಲು ಮಾಡಿದರೆ 40 × 24, ಅಂದರೆ 960 ಚೌಕಗಳು. ಒಂದೊಂದಕ್ಕೆ ಎರಡರಂತೆ 1,920 ತ್ರಿಕೋನಗಳು. ಕಂಪ್ಯೂಟರಿಗೆ ಕೊನೆಗೆ ಬೇಕಾದದ್ದು ಈ ತ್ರಿಕೋನಗಳೇ.

ಒಮ್ಮೆ ತ್ರಿಕೋನಗಳಾದ ಮೇಲೆ ಅವಕ್ಕೂ ಗೆರೆಗೂ ಸಂಬಂಧ ಕಡಿದುಹೋಗುತ್ತಿತ್ತು. ಗೆರೆಯನ್ನು ಬೇರೆ ಫೈಲಿನಲ್ಲಿ ಉಳಿಸಿಕೊಳ್ಳಬೇಕಿತ್ತು. ನಾನು ಉಳಿಸಿಕೊಳ್ಳಲಿಲ್ಲ. ಡಿಸ್ಕಿನಲ್ಲಿ ಜಾಗವಿರಲಿಲ್ಲ ಎಂಬುದು ನೆಪವಲ್ಲ. ಟಿವಿಗೆ ಬೇಕಾದ 720 × 576 ಅಳತೆಯ ಒಂದು ಚಿತ್ರ, ಕುಗ್ಗಿಸದೆ ಇಟ್ಟರೆ, ಸುಮಾರು 1.2 ಎಂಬಿ. ಅಂದರೆ ಒಂದು ಫ್ಲಾಪಿಗೆ ಒಂದೇ ಚಿತ್ರ. ಸೆಕೆಂಡಿಗೆ 25ರಂತೆ ಹತ್ತು ಸೆಕೆಂಡಿಗೆ 250 ಚಿತ್ರ, ಹತ್ತಿರ ಹತ್ತಿರ 310 ಎಂಬಿ. ಒಂದು ಚಿತ್ರಕ್ಕೆ ಹನ್ನೆರಡು ನಿಮಿಷ ಹಿಡಿದರೆ ಇಡೀ ತುಣುಕಿಗೆ 50 ಗಂಟೆ. ಗಿರಾಕಿಯ ಕೆಲಸಕ್ಕೇ ಜಾಗ ಸಾಲದಲ್ಲಿ ನನ್ನ ಗೆರೆಯ ಫೈಲು ಯಾರಿಗೆ ಬೇಕಿತ್ತು? ಮೆಮರಿ ಉಳಿಸಲೆಂದು ಕಂಬದ ಹಿಂಬದಿಯ ತ್ರಿಕೋನಗಳನ್ನೂ ಅಳಿಸಿದ್ದೆ, ಎದುರಿನ ಬಿಂದುಗಳನ್ನೂ ತೆಳುಗೊಳಿಸಿದ್ದೆ. ತಪ್ಪು ಪೂರ್ತಿ ನನ್ನದು.

ಉಳಿದ ತ್ರಿಕೋನಗಳ ಅಂಚು ಹಿಡಿದು ಗೆರೆಯನ್ನು ಮತ್ತೆ ಪಡೆಯಬಹುದಲ್ಲ ಎಂದು ಬಲ್ಲವರು ಕೇಳಬಹುದು. ನಾವೂ ಮಾಡಿ ನೋಡಿದೆವು. ಬಂದದ್ದು ಮೊಂಡು ಗೆರೆ. ಗಂಟೆಯ ಬಾಗು ಮೂರು ನೇರ ತುಂಡುಗಳಾಗಿತ್ತು. ರೊಟ್ಟಿ ಸಿಕ್ಕಿತ್ತು, ಹಿಟ್ಟು ನಾದಿದ ಹದ ಸಿಗಲಿಲ್ಲ.

ಹಳೆಯ ಸಾಫ್ಟ್‌ವೇರಿನ ಬಗ್ಗೆ ನನ್ನ ವಯಸ್ಸಿನವರು ಬರೆದರೆ ಸಾಮಾನ್ಯವಾಗಿ ಒಂದು ರಾಗ ಕೇಳುತ್ತದೆ. ಆಗ ತಾಳ್ಮೆಯಿತ್ತು, ಕಷ್ಟವಿತ್ತು, ಆದ್ದರಿಂದ ಕಲೆಯಿತ್ತು; ಈಗಿನ ಹುಡುಗರಿಗೆ ಎಲ್ಲ ಸಲೀಸು. ನಾನು ಆ ರಾಗ ಹಾಡುವವನಲ್ಲ. ಐವತ್ತು ಗಂಟೆ ಕಾದು ನೋಡಿದಾಗ ದೀಪವೊಂದು ತಪ್ಪು ಜಾಗದಲ್ಲಿದ್ದದ್ದು ಗೊತ್ತಾಗುವುದರಲ್ಲಿ ಯಾವ ತಪಸ್ಸೂ ಇಲ್ಲ. ನಾವು ಮಾಡಿದ ಕ್ರೋಮ್ ಅಕ್ಷರಗಳೆಲ್ಲ ಒಂದೇ ಥರ ಹೊಳೆಯುತ್ತಿದ್ದವು, ಯಾಕೆಂದರೆ ಎಲ್ಲದಕ್ಕೂ ಒಂದೇ ಆಕಾಶದ ಚಿತ್ರವನ್ನು ಸುತ್ತುತ್ತಿದ್ದೆವು. ಅಣ್ಣನ ಮಗಳು ಒಂದು ಮಧ್ಯಾಹ್ನದಲ್ಲಿ ಮಾಡುವುದನ್ನು ನಾನು ಒಂದು ತಿಂಗಳಲ್ಲಿ ಮಾಡುತ್ತಿರಲಿಲ್ಲ. ಆ ದಿನಗಳು ಮತ್ತೆ ಬರುವುದು ಬೇಡ.

ನನ್ನ ತಕರಾರು ಬೇರೆ. ನಮ್ಮ ಕೈಕೆಲಸದ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದನ್ನು ನಾವು ಅಂದೂ ಕೇಳಲಿಲ್ಲ, ಇಂದಿನವರೂ ಕೇಳುತ್ತಿಲ್ಲ.

1996ರಲ್ಲಿ ವಿಂಡೋಸ್ ಎನ್‌ಟಿಗೆ ‘3ಡಿ ಸ್ಟುಡಿಯೊ ಮ್ಯಾಕ್ಸ್’ ಬಂದಾಗ ನಮಗೆ ಹಬ್ಬ. ಅದರಲ್ಲಿ ಗೆರೆಗೂ ತ್ರಿಕೋನಕ್ಕೂ ಇದ್ದ ಸಂಬಂಧ ಕಡಿಯುತ್ತಿರಲಿಲ್ಲ. ಗೆರೆ ಬರೆದದ್ದು, ತಿರುಗಿಸಿದ್ದು, ಬಾಗಿಸಿದ್ದು, ಒಂದೊಂದು ಹೆಜ್ಜೆಯೂ ಒಂದರ ಮೇಲೊಂದು ಪೇರಿಸಿದಂತೆ ಫೈಲಿನೊಳಗೇ ಉಳಿಯುತ್ತಿತ್ತು. ಹತ್ತು ದಿನ ಬಿಟ್ಟು ಬಂದು ಕೆಳಗಿನ ಗೆರೆಯನ್ನು ತಿದ್ದಿದರೆ ಮೇಲಿನದೆಲ್ಲ ತಾನಾಗಿ ಬದಲಾಗುತ್ತಿತ್ತು. ಆದರೆ ಆ ಪೇರಿಕೆಯನ್ನು ಪೂರ್ತಿಯಾಗಿ ಓದಲು ಬರುತ್ತಿದ್ದದ್ದು ಅದೇ ಪ್ರೋಗ್ರಾಂಗೆ ಮಾತ್ರ. ಹೊರಗಿನವರಿಗೆ ಕೊಡಬೇಕೆಂದರೆ ಮತ್ತೆ ತ್ರಿಕೋನಗಳನ್ನಾಗಿ ಮಾಡಿಯೇ ಕೊಡಬೇಕು. ಅದಕ್ಕೆ ಬಳಸುತ್ತಿದ್ದದ್ದು ಅದೇ ಹಳೆಯ ಡಾಸ್ ಕಾಲದ ತ್ರೀಡಿಎಸ್ ಫೈಲು. ಅದರಲ್ಲಿ ಒಂದು ವಸ್ತುವಿಗೆ 65,536ರ ಆಚೆ ಬಿಂದುಗಳು ಹಿಡಿಸುವುದಿಲ್ಲ. ಚಿತ್ರಗಳ ಹೆಸರು ಎಂಟು ಅಕ್ಷರ ದಾಟುವಂತಿಲ್ಲ. ಆದರೂ ಅದನ್ನು ಅನೇಕ ಪ್ರೋಗ್ರಾಂಗಳು ಓದುತ್ತವೆ.

ಈ ಕಸುಬಿನ ಮೂಲ ಇಕ್ಕಟ್ಟು ಇದೇ. ಎಲ್ಲರೂ ಓದಬಲ್ಲ ಫೈಲಿನಲ್ಲಿ ಆಕಾರ ಮಾತ್ರ ಇರುತ್ತದೆ, ಮಾಡಿದ ಬಗೆ ಇರುವುದಿಲ್ಲ. ಮಾಡಿದ ಬಗೆ ಇರುವ ಫೈಲನ್ನು ಒಬ್ಬನೇ ಓದಬಲ್ಲ. ಆ ಒಬ್ಬ ಅಂಗಡಿ ಮುಚ್ಚಿದರೆ?

ಮುಚ್ಚುತ್ತಾರೆ. ‘ಜುರಾಸಿಕ್ ಪಾರ್ಕ್’ ಚಿತ್ರದ ಡೈನೋಸಾರ್‌ಗಳಿಗೆ ಚಲನೆ ಕೊಡಲು ಬಳಸಿದ ‘ಸಾಫ್ಟ್‌ಇಮೇಜ್’ ಕೈಯಿಂದ ಕೈಗೆ ಹೋಗಿ, ಕೊನೆಗೆ 2014ರಲ್ಲಿ ಅದನ್ನು ನಿಲ್ಲಿಸುವ ಘೋಷಣೆಯಾಯಿತು. ಅಮಿಗಾ ಕಾಲದಲ್ಲಿ ಹುಟ್ಟಿದ ಕ್ಯಾಲಿಗರಿ ಕಂಪನಿಯ ‘ಟ್ರೂಸ್ಪೇಸ್’ ಅನ್ನು 2008ರಲ್ಲಿ ಮೈಕ್ರೋಸಾಫ್ಟ್ ಕೊಂಡು ಉಚಿತವಾಗಿ ಹಂಚಿತು, ಮರುವರ್ಷವೇ ನಿಲ್ಲಿಸಿತು. ಹಳೆಯ 3ಡಿ ಸ್ಟುಡಿಯೊಗೆ ಇನ್ನೊಂದು ಬೀಗವಿತ್ತು: ಪ್ರಿಂಟರ್ ಸಿಕ್ಕಿಸುವ ಜಾಗಕ್ಕೆ ಬೆರಳುದ್ದದ ಒಂದು ಡಾಂಗಲ್. ಅದಿಲ್ಲದೆ ಪ್ರೋಗ್ರಾಂ ಏಳುತ್ತಿರಲಿಲ್ಲ. ಹಳೆಯ ಡಾಸ್ ಪ್ರೋಗ್ರಾಂಗಳನ್ನು ಓಡಿಸಲು ಡಾಸ್‌ಬಾಕ್ಸ್‌ನಂಥ ಉಪಾಯಗಳು ಇಂದು ಇವೆ. ಆದರೆ ಡಾಂಗಲ್ ಸಿಕ್ಕಿಸುವ ರಂಧ್ರವೇ ಈಗಿನ ಯಂತ್ರಗಳಲ್ಲಿ ಇಲ್ಲ. ದುಡ್ಡು ಕೊಟ್ಟು ಕೊಂಡವನೂ ಬೀಗ ಒಡೆದವನೂ ಈಗ ಒಂದೇ ಸಾಲಿನಲ್ಲಿ ನಿಂತಿದ್ದಾರೆ.

ಬೀಗ ಒಡೆದವರ ಮಾತನ್ನೂ ಮುಚ್ಚಿಡಬಾರದು. ನಾನು ಕಲಿತ ಆಫೀಸಿನಲ್ಲಿ ಯಂತ್ರ ನಾಲ್ಕು, ಅಸಲಿ ಡಾಂಗಲ್ ಒಂದು. ಆ ಕಾಲದ ನಮ್ಮ ಎಷ್ಟೋ ಜನ ಕದ್ದ ಪ್ರತಿಯ ಮೇಲೆಯೇ ಅನ್ನ ಸಂಪಾದಿಸುವುದನ್ನು ಕಲಿತರು. ಕದ್ದವನಿಗೆ ಕಂಪನಿಯ ಮೇಲೆ ಹಕ್ಕು ಸಾಧಿಸುವ ಬಾಯಿ ಇರುವುದಿಲ್ಲ. ನಾವು ಯಾರೂ ಫೈಲಿನ ಒಳರಚನೆಯನ್ನು ಬಯಲು ಮಾಡಿ ಎಂದು ಕೇಳದೆ ಇದ್ದದ್ದಕ್ಕೆ ಇದೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ.

ಇದಕ್ಕೆ ಎದುರು ವಾದ ಇದೆ. ಮೂವತ್ತು ವರ್ಷ ಹಳೆಯ ಚಾನೆಲ್ ಲೋಗೊ ಯಾರಿಗೆ ಬೇಕು? ಕಂಪನಿ ತನ್ನ ಹಳೆಯ ಸರಕನ್ನು ಎಷ್ಟು ಕಾಲ ಹೊತ್ತುಕೊಂಡು ತಿರುಗಬೇಕು? ಎರಡೂ ನ್ಯಾಯವಾದ ಪ್ರಶ್ನೆಗಳೇ. ನಾವು ಮಾಡಿದ್ದರಲ್ಲಿ ಮುಕ್ಕಾಲು ಪಾಲು ಕಳೆದರೆ ಯಾರಿಗೂ ನಷ್ಟವಿಲ್ಲ. ಆದರೆ ಉಳಿಸುವುದು ಯಾವುದು, ಬಿಡುವುದು ಯಾವುದು ಎಂದು ಆರಿಸುವವರು ಮಾಡಿದವರಾಗಿರಬೇಕು. ಈಗ ಆರಿಸುತ್ತಿರುವುದು ಮಾರುಕಟ್ಟೆಯ ಲೆಕ್ಕಾಚಾರ. ಇನ್ನು ಕಂಪನಿ ಪ್ರೋಗ್ರಾಂ ಅನ್ನು ಸದಾ ಹೊರಬೇಕೆಂದು ನಾನು ಹೇಳುತ್ತಿಲ್ಲ. ನಿಲ್ಲಿಸುವ ದಿನ ಫೈಲಿನೊಳಗೆ ಏನೆಲ್ಲಿದೆ ಎಂಬ ವಿವರವನ್ನು ಪ್ರಕಟಿಸಲಿ ಎನ್ನುತ್ತೇನೆ. ಮನೆ ಕೆಡವಲಿ, ಒಳಗಿರುವವರ ಸಾಮಾನು ಹೊರಗಿಟ್ಟು ಕೆಡವಲಿ.

ಬರೀ ಆಸೆಯ ಮಾತಲ್ಲ ಇದು. ಬೇರೆ ಥರ ನಡೆದ ಉದಾಹರಣೆಗಳಿವೆ. 1975ರಲ್ಲಿ ಯೂಟಾ ವಿಶ್ವವಿದ್ಯಾಲಯದ ಮಾರ್ಟಿನ್ ನ್ಯೂವೆಲ್ ತಮ್ಮ ಮನೆಯ ಟೀಪಾಟನ್ನು ಗ್ರಾಫ್ ಹಾಳೆಯ ಮೇಲೆ ಬರೆದು, ಅದರ ಬಾಗುಗಳನ್ನು ಅಂಕಿಗಳಾಗಿ ಮಾಡಿದರು. ಆ ಅಂಕಿಗಳು ಬಚ್ಚಿಟ್ಟ ಆಸ್ತಿಯಾಗಲಿಲ್ಲ. ಸಂಶೋಧಕರಿಂದ ಸಂಶೋಧಕರಿಗೆ ಹರಿದವು. ಅರ್ಧ ಶತಮಾನ ಕಳೆದರೂ ಆ ಟೀಪಾಟು ಬದುಕಿದೆ. ಮ್ಯಾಕ್ಸ್‌ನಲ್ಲಿ ಗೋಲ, ಪೆಟ್ಟಿಗೆಗಳ ಪಕ್ಕದಲ್ಲೇ ಅದಕ್ಕೊಂದು ಬಟನ್ ಇದೆ. ಅದನ್ನು ಮೊದಲು ಚಿತ್ರಿಸಿದ ಯಂತ್ರ, ಪ್ರೋಗ್ರಾಂಗಳು ಹಳತಾಗಿ ಹೋದವು, ಅಂಕಿ ಉಳಿಯಿತು.

ಎರಡನೆಯದು 1990ರ ದಶಕದ ಆರಂಭದಲ್ಲಿ ಬಂದ ‘ಪೋವ್-ರೇ’ ಎಂಬ ಉಚಿತ ಪ್ರೋಗ್ರಾಂ. ಅದರಲ್ಲಿ ಚಿತ್ರವನ್ನು ಮೌಸಿನಿಂದ ಬರೆಯುವುದಿಲ್ಲ, ಮಾತಿನಲ್ಲಿ ಬರೆಯುತ್ತೀರಿ: ಇಲ್ಲೊಂದು ಗೋಲ, ಅಲ್ಲೊಂದು ದೀಪ, ಕ್ಯಾಮೆರಾ ಇಂಥ ಕಡೆ. ತಿರುಗಿಸಿ ಕಡೆದ ಆಕಾರಕ್ಕೆ ಅದರಲ್ಲಿ ‘ಲೇತ್’ ಎಂಬ ಪದವೇ ಇದೆ. ಅದರ ಮುಂದೆ ಬಿಂದುಗಳ ಪಟ್ಟಿ ಕೊಟ್ಟರೆ ಮುಗಿಯಿತು. ಫೈಲು ಬರೀ ಅಕ್ಷರ. ನಾಳೆ ಪೋವ್-ರೇ ಇಲ್ಲವಾದರೂ ಮನುಷ್ಯ ಅದನ್ನು ಕಣ್ಣಿನಿಂದ ಓದಿ ಅರ್ಥಮಾಡಿಕೊಳ್ಳಬಹುದು. ಆಗ ನಾವು ಅದನ್ನು ಹುಡುಗಾಟವೆಂದು ನಕ್ಕಿದ್ದೆವು. ನನ್ನ ಕಂಬವನ್ನು ಅದರಲ್ಲಿ ಬರೆದಿದ್ದರೆ ಇವತ್ತು ಈ ಲೇಖನಕ್ಕೆ ಕಾರಣವೇ ಇರುತ್ತಿರಲಿಲ್ಲ.

ಮೂರನೆಯದು ‘ಬ್ಲೆಂಡರ್’. ನೆದರ್‌ಲೆಂಡ್ಸ್‌ನ ಟಾನ್ ರೋಸೆಂಡಾಲ್ ತಮ್ಮ ಸ್ಟುಡಿಯೊದ ಬಳಕೆಗೆಂದು 1994ರಲ್ಲಿ ಆರಂಭಿಸಿದ ಪ್ರೋಗ್ರಾಂ. ಅದನ್ನು ಬೆಳೆಸಲು ಕಟ್ಟಿದ ಕಂಪನಿ 2002ರಲ್ಲಿ ಮುಚ್ಚಿತು. ಸಾಮಾನ್ಯವಾಗಿ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಹೂಡಿಕೆದಾರರು ಒಂದು ಲಕ್ಷ ಯೂರೊ ಕೊಟ್ಟರೆ ಮೂಲ ಬರಹವನ್ನು ಬಿಟ್ಟುಕೊಡುವುದಾಗಿ ಒಪ್ಪಿದರು. ಅವರು ಜನರ ಮುಂದೆ ಕೈಚಾಚಿದರು. ಏಳೇ ವಾರದಲ್ಲಿ ಹಣ ಕೂಡಿತು. 2002ರ ಅಕ್ಟೋಬರ್ 13ರಂದು ಬ್ಲೆಂಡರ್ ಎಲ್ಲರದಾಯಿತು. ಅದರ ಫೈಲಿನೊಳಗೆ ಆ ಫೈಲನ್ನು ಓದುವ ಬಗೆಯ ಒಂದು ಪಟ್ಟಿಯೂ ಇರುತ್ತದೆ, ಊರು ಬಿಟ್ಟು ಹೋಗುವ ಪೆಟ್ಟಿಗೆಯೊಳಗೆ ಸಾಮಾನಿನ ಯಾದಿ ಇಟ್ಟ ಹಾಗೆ. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ ‘ಫ್ಲೋ’ ಚಿತ್ರ ತಯಾರಾದದ್ದು ಇದರಲ್ಲೇ. ಬಿಟ್ಟಿ ಸಾಫ್ಟ್‌ವೇರಿನಲ್ಲಿ ದೊಡ್ಡ ಕೆಲಸ ಆಗದು ಎಂದು ನಾನೂ ಎಷ್ಟೋ ವರ್ಷ ಹೇಳಿಕೊಂಡು ತಿರುಗಿದವನೇ. ಆ ಮಾತನ್ನು ಹಿಂದಕ್ಕೆ ಪಡೆದಿದ್ದೇನೆ.

ಹಾಗಾದರೆ ಬೇರೆ ಎಲ್ಲ ಬಿಟ್ಟು ಬ್ಲೆಂಡರ್ ಹಿಡಿಯಿರಿ ಎನ್ನುತ್ತೇನೆಯೇ? ಇಲ್ಲ. ಹೊಟ್ಟೆಪಾಡಿಗೆ ಸ್ಟುಡಿಯೊ ಯಾವುದನ್ನು ಬಳಸುತ್ತದೋ ಅದನ್ನೇ ಬಳಸಬೇಕಾಗುತ್ತದೆ. 2016ರಿಂದ ಆಟೋಡೆಸ್ಕ್ ತನ್ನ ಪ್ರೋಗ್ರಾಂಗಳನ್ನು ಹೊಸದಾಗಿ ಕೊಳ್ಳುವವರಿಗೆ ಬಾಡಿಗೆಯ ಮೇಲೆ ಮಾತ್ರ ಕೊಡುತ್ತಿದೆ. ಬಾಡಿಗೆ ಪದ್ಧತಿಯಿಂದ ಹೊಸಬರಿಗೆ ಮೊದಲ ಹೆಜ್ಜೆ ಅಗ್ಗವಾಯಿತು ಎಂಬುದೂ ನಿಜ. ಆದರೆ ಡಾಂಗಲ್ ಕಳೆದರೆ ಮಾತ್ರ ನಿಲ್ಲುತ್ತಿದ್ದ ಪ್ರೋಗ್ರಾಂ ಈಗ ಕಂತು ತಪ್ಪಿದರೂ ನಿಲ್ಲುತ್ತದೆ. ಬಾಡಿಗೆ ಮನೆಯಲ್ಲಿ ಇರುವವರು ಬಂಗಾರವನ್ನು ಗೋಡೆಯೊಳಗೆ ಹುಗಿದಿಡುವುದಿಲ್ಲ. ಅಷ್ಟು ಎಚ್ಚರ ಸಾಕು.

ಆ ಎಚ್ಚರ ಎಂದರೇನು? ಅಣ್ಣನ ಮಗಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಒಂದು ಕೆಲಸ ಮುಗಿದ ದಿನ ಮೂರು ಪ್ರತಿ ಇಡಬೇಕು. ಪ್ರೋಗ್ರಾಂನ ಸ್ವಂತ ಫೈಲು ಒಂದು. ಎಲ್ಲರೂ ಓದುವ ಬಯಲು ಮಾದರಿಯ ಫೈಲು ಇನ್ನೊಂದು. ಮೂರನೆಯದು ಸಾದಾ ಅಕ್ಷರದ ಒಂದು ಪುಟ: ಅಳತೆಗಳು, ಯಾವ ಹೆಜ್ಜೆಯ ನಂತರ ಯಾವುದು, ಯಾಕೆ. ಮೂರರಲ್ಲಿ ಜನ ಬಿಡುವುದು ಈ ಕೊನೆಯದನ್ನೇ, ಕೊನೆಗೆ ಕೈ ಹಿಡಿಯುವುದೂ ಅದೇ. ಪ್ರತಿಗಳನ್ನು ಒಂದೇ ಸೂರಿನಡಿ ಇಡಲೂಬಾರದು. ಪಿಕ್ಸಾರ್‌ನಂಥ ಪಿಕ್ಸಾರ್‌ನಲ್ಲೇ ‘ಟಾಯ್ ಸ್ಟೋರಿ 2’ ತಯಾರಾಗುವಾಗ ಒಂದು ತಪ್ಪು ಆಜ್ಞೆಯಿಂದ ಚಿತ್ರದ ಬಹುಪಾಲು ಫೈಲುಗಳು ಅಳಿಸಿಹೋದವು, ಆಫೀಸಿನ ಬ್ಯಾಕಪ್ಪೂ ಕೈಕೊಟ್ಟಿತು. ಎಳೆಗೂಸಿದ್ದ ಕಾರಣ ಮನೆಯಿಂದ ಕೆಲಸ ಮಾಡುತ್ತಿದ್ದ ಗಾಲಿನ್ ಸಸ್‌ಮನ್ ಅವರ ಕಂಪ್ಯೂಟರಿನಲ್ಲಿದ್ದ ಪ್ರತಿ ಆ ಚಿತ್ರವನ್ನು ಉಳಿಸಿತು.

ಕೆಲಸ ಕೊಡುವವರಿಗೂ ಒಂದು ಮಾತು. ಇವತ್ತು ನಮ್ಮ ಗುಡಿ, ಕೋಟೆ, ಶಿಲ್ಪಗಳನ್ನು ಮೂರು ಆಯಾಮದಲ್ಲಿ ದಾಖಲಿಸುವ ಉತ್ಸಾಹ ಕಾಣುತ್ತಿದೆ. ಒಳ್ಳೆಯದು. ಆದರೆ ಸ್ಕ್ಯಾನರ್ ಕೊಡುವುದೂ ಬಿಂದುಗಳ, ತ್ರಿಕೋನಗಳ ರಾಶಿಯನ್ನೇ. ಅದು ಕಲ್ಲಿನ ಮೈ, ಕಡೆದವನ ಗೆರೆಯಲ್ಲ. ದುಡ್ಡು ಕೊಟ್ಟು ಮಾಡಿಸುವ ಸಂಸ್ಥೆಗಳು ಕರಾರಿನಲ್ಲೇ ಬರೆಸಬೇಕು: ಬಯಲು ಮಾದರಿಯ ಫೈಲು ಬೇಕು, ಮೂಲ ಅಳತೆಯ ಪಟ್ಟಿ ಬೇಕು, ಮಾಡಿದ ಕ್ರಮದ ಟಿಪ್ಪಣಿ ಬೇಕು. ಪರದೆಯ ಮೇಲೆ ತಿರುಗುವ ಚಂದದ ಗುಡಿಯನ್ನು ಕಂಡು ಉದ್ಘಾಟನೆಯ ದಿನ ಚಪ್ಪಾಳೆ ತಟ್ಟಿದರೆ ಸಾಲದು. ಮೂವತ್ತು ವರ್ಷದ ನಂತರ ಯಾರದೋ ಮಗಳು ಅದನ್ನು ತೆರೆದು “ಗೆರಿ ಎಲ್ಲಿ?” ಎಂದು ಕೇಳಿದಾಗ ಉತ್ತರ ಇರಬೇಕು.

ನನ್ನ ಕಂಬದ ಕಥೆ ಒಂದಿಷ್ಟು ಬಾಕಿ ಇದೆ. ಅದೇ ಡಬ್ಬಿಯ ತಳದಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇತ್ತು. 1995ರ ಬೇಸಿಗೆಯಲ್ಲಿ ಊರಿಗೆ ಹೋದಾಗ ಲಕ್ಕುಂಡಿಯಲ್ಲಿ ಕೂತು, ಟೈಲರ್ ಟೇಪು ಹಿಡಿದು, ಕಂಬದ ಒಂದೊಂದು ಉಂಗುರದ ಎತ್ತರ, ಸುತ್ತಳತೆ ಬರೆದುಕೊಂಡದ್ದು. ಪಕ್ಕದಲ್ಲಿ ಪೆನ್ಸಿಲಿನ ಅರ್ಧ ಗೆರೆ. ಅದರ ಮೇಲೆ ಚಹಾ ಬಿದ್ದ ಕಲೆಯಿತ್ತು, ಅಂಕಿಗಳು ಮಾಸಿರಲಿಲ್ಲ. ಅಣ್ಣನ ಮಗಳು ಅವನ್ನು ಒಂದೊಂದಾಗಿ ಹೊಡೆದು ಗೆರೆ ಎಳೆದಳು, ಒಂದು ಸುತ್ತು ತಿರುಗಿಸಿದಳು. ನಾನು 24 ಪಾಲಿಗೆ ನಿಲ್ಲಿಸಿದ್ದನ್ನು ಅವಳು 256 ಮಾಡಿದಳು. ಗಂಟೆಯ ಬಾಗು ನುಣ್ಣಗೆ ಬಂತು.

ಊಟಕ್ಕೆ ಕರೆದರು. ಏಳುವ ಮುನ್ನ ಅವಳು ನೋಟ್‌ಬುಕ್ಕಿನ ಎಲ್ಲ ಪುಟಗಳ ಫೋಟೊ ತೆಗೆದು, ಅಳತೆಗಳನ್ನು ಸಾದಾ ಅಕ್ಷರದ ಫೈಲಿಗೆ ಇಳಿಸಿ, ಒಂದು ಪ್ರತಿ ನನಗೆ ಕಳಿಸಿದಳು. ಒಂದು ಪ್ರತಿ ಪುಣೆಗೆ ಹೋಯಿತು. ಸಿ.ಡಿ.ಯನ್ನು ನಾನು ಮತ್ತೆ ಡಬ್ಬಿಗೆ ಹಾಕಿದೆ. ನೋಟ್‌ಬುಕ್ ಮಾತ್ರ ಈಗ ಮೇಜಿನ ಮೇಲಿದೆ.